ಗೀಟು ಎಳೆದ ಸಾಲು

ಯಲಬುರ್ಗಾ
೧೨ ಜನವರಿ ೨೦೨೫

ಮಗಳು ಶಾಂಭವಿಗೆ,

ಅಲ್ಲವ್ವಾ, ನಾನು ಹಾಗೆ ಹೇಳಲಿಲ್ಲ. ನಮ್ಮ ಮನೆತನದಲ್ಲಿ ಅಂಥದ್ದೇನೂ "ನನಗೆ ಗೊತ್ತಿದ್ದಂತೆ" ಇಲ್ಲ ಅಂದೆ. ಅಷ್ಟರಲ್ಲಿ ಫೋನು ಕಟ್ಟಾಯಿತು. "ಕಟ್ಟಾಗಿಲ್ಲ, ನೀನೇ ಕೆಂಪು ಗುಂಡಿ ಒತ್ತಿದಿ, ನಾ ಇಲ್ಲೇ ಕುಂತೀನಲ್ಲ" ಎಂದು ನಿನ್ನ ಹೊಳಿಯಮ್ಮತ್ತೆ ಈಗಲೂ ಅನ್ನುತ್ತಿದ್ದಾಳೆ. ಅಕ್ಕನ ಮಾತು ಬಿಡು. ಫೋನಿನಲ್ಲಿ ನನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನಾನೇ ಕಟ್ಟಿಕೊಳ್ಳುತ್ತೇನೆ. ಅದಕ್ಕೇ ಕಾಗದ. ನೀನೂ ಕಾಗದವನ್ನೇ ಬರೆ.

ಅಮೃತಾ ಈಗ ಹೇಗಿದ್ದಾಳೆ? ಹನ್ನೊಂದು ವರ್ಷದ ಹುಡುಗಿ ಮೈದಾನದಲ್ಲಿ ಓಡುತ್ತಾ ಓಡುತ್ತಾ ಬಿದ್ದಳು, ಎರಡು ನಿಮಿಷ ಎಚ್ಚರವಿರಲಿಲ್ಲ ಎಂದು ನೀನು ಹೇಳಿದಾಗಿನಿಂದ ಅದೇ ಯೋಚನೆ. ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದರು, ಇನ್ನೊಬ್ಬರು ಎದೆಯ ಗ್ರಾಫು ನೋಡಿ ಅನುಮಾನಪಟ್ಟರು. ಏಪ್ರಿಲ್ ೨೧ಕ್ಕೆ ಹುಬ್ಬಳ್ಳಿಯ ದೊಡ್ಡ ಡಾಕ್ಟರ ಹತ್ತಿರ ಹೋಗುವಾಗ ಫ್ಯಾಮಿಲಿ ಹಿಸ್ಟರಿ ಬೇಕು, ಅಲ್ಲವೇ? ನಾವು ಕಾಲೇಜಿನಲ್ಲಿ ಓದಿದ ಹಿಸ್ಟರಿಯಲ್ಲಿ ಬರೀ ಕಿಂಗ್ಸ್ ಅಂಡ್ ಕ್ವೀನ್ಸ್. ನಾನು ಎರಡನೇ ವರ್ಷದಲ್ಲಿ ಅದರಲ್ಲೇ ಫೇಲಾದದ್ದು.

ನೀನು ಕಳಿಸಿದ ಹಾಳೆ ತುಂಬಿದ್ದೇನೆ. "ನಲವತ್ತರೊಳಗೆ ಹಠಾತ್ತನೆ ತೀರಿಕೊಂಡವರು" ಎಂಬಲ್ಲಿ: ನನ್ನ ಅಪ್ಪ, ಮೂವತ್ತಾರನೇ ವಯಸ್ಸಿನಲ್ಲಿ, ಹೊಲದಲ್ಲಿ ಹಾವು ಕಚ್ಚಿ. ನನ್ನ ಅಜ್ಜ, ಮೂವತ್ತೆಂಟಕ್ಕೆ, ಬಾವಿಗೆ ಬಿದ್ದು. ಹಾವಿಗೂ ಬಾವಿಗೂ ಎದೆಯ ಗ್ರಾಫಿಗೂ ಏನು ಕನೆಕ್ಷನ್? ಏನೂ ಇಲ್ಲ. "ಮಗುವಿನ ಸೋದರಮಾವಂದಿರು" ಎಂಬ ಸಾಲಿನಲ್ಲಿ ಗೀಟು ಎಳೆದಿದ್ದೇನೆ. ನೀನು ಒಬ್ಬಳೇ ಅಲ್ಲವೇ.

ಅಳಿಯಂದಿರು ಭಾನುವಾರ ಅವಳಿಗೆ ಕಾಲುವೆಯಲ್ಲಿ ಈಜು ಕಲಿಸುತ್ತಾರೆ ಅಂದಿದ್ದೆ. ಸದ್ಯಕ್ಕೆ ಬೇಡ. ನೀರಿಗೆ ಬಿಡಬೇಡ. ಚಳಿಗಾಲ ಬೇರೆ. ಕಾಲುವೆಯ ನೀರು ಸೆಳೆತದ್ದು. ಬಿಡಬೇಡ.

ಇಂತಿ ನಿನ್ನ ಅಪ್ಪ,
ಅಂದಪ್ಪ

ಗಂಗಾವತಿ
೨೧ ಜನವರಿ ೨೦೨೫

ಅಪ್ಪಾ,

ಕಾಗದ ಮುಟ್ಟಿತು. ಒಂದೇ ಕಾಗದದಲ್ಲಿ ಇಷ್ಟು ಸಲ "ಬಿಡಬೇಡ" ಎಂದರೆ ನನಗೆ ಗಾಬರಿ ಆಗುವುದಿಲ್ಲವೇ? ಅಮೃತಾ ಬಿದ್ದದ್ದು ಮಣ್ಣಿನ ಮೇಲೆ. ನೀರಿಗೂ ಅದಕ್ಕೂ ಏನು ಸಂಬಂಧ? "ಅಜ್ಜನಿಗೆ ನೀರು ಕಂಡರೆ ಅಂಜಿಕಿ ಏನು?" ಎಂದು ಅವಳೇ ಕೇಳಿ ನಕ್ಕಳು.

ಆ ಹಾಳೆ ಬಾಯಿಮಾತಿನಿಂದ ತುಂಬಿದ್ದು ಸಾಲದು. ನಾನು ಶಾಲೆಯಲ್ಲಿ ದಿನಾ ದಾಖಲಾತಿ ರಜಿಸ್ಟರ್ ಮುಂದೆ ಕೂರುವವಳು. ತಂದೆತಾಯಿ ಹೇಳುವ ಹುಟ್ಟಿದ ತಾರೀಖು ಎಷ್ಟು ನಿಜ ಎಂದು ನನಗೆ ಗೊತ್ತು. ಮುತ್ತಜ್ಜ ಬಾವಿಗೆ ಬಿದ್ದದ್ದನ್ನು ಯಾರು ನೋಡಿದರು? ಅಜ್ಜನಿಗೆ ಕಚ್ಚಿದ ಹಾವನ್ನು ಯಾರು ನೋಡಿದರು? ತಾಲೂಕು ಕಚೇರಿಯಲ್ಲಿ ಹಳೆಯ ಮರಣದ ರಜಿಸ್ಟರುಗಳು ಇರುತ್ತವೆ, ಕೊಪ್ಪಳದ ಗ್ರಂಥಾಲಯದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ನನಗೆ ರಜೆ ಸಿಗುವುದಿಲ್ಲ. ನೀವು ಹೋಗಿ ಬನ್ನಿ. ಇದು ನನ್ನ ಮಗಳ ಜೀವದ ಪ್ರಶ್ನೆ ಅಪ್ಪಾ.

ಶಾಂಭವಿ

ಯಲಬುರ್ಗಾ
೧೬ ಫೆಬ್ರುವರಿ ೨೦೨೫

ಶಾಂಭವಿಗೆ,

ಹೋಗಿಬಂದೆ. ಬರೆಯಲು ತಡವಾಯಿತು.

ಕೊಪ್ಪಳಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಜೋಳ ಹಾಲುಗಾಳಾಗಿ ನಿಂತಿದೆ. ಇರಕಲ್ಲಗಡದ ಕಡೆ ತಿರುಗುವ ರಸ್ತೆ ಬಂದಾಗ ನಾನು ಕಿಟಕಿ ಬಿಟ್ಟು ಈ ಕಡೆ ನೋಡುತ್ತಾ ಕುಳಿತೆ. ಗ್ರಂಥಾಲಯದಲ್ಲಿ ದುರ್ಗಾದೇವಿ ಎಂಬ ಹೆಣ್ಣುಮಗಳು ಇದ್ದಾರೆ, ಒಳ್ಳೆಯವರು. "ನಮ್ಮ ಮನೆತನದ ಹಿಸ್ಟರಿ ಬೇಕಾಗಿತ್ತು" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಯಜಮಾನ್ರ, ಈ ಪುಸ್ತಕದಾಗೆಲ್ಲಾ ರಾಜರು ಅದಾರ್ರಿ. ನಿಮ್ಮಪ್ಪ ಸಿಗಾಂಗಿಲ್ಲ" ಎಂದರು. ಆಮೇಲೆ ತಾವೇ ಕುರ್ಚಿ ಎಳೆದು ಕೂಡಿಸಿ ಬರೆದುಕೊಟ್ಟರು: ಮೊದಲು ಮನೆಯ ಹಿರಿಯರನ್ನು ಕೇಳುವುದು, ಆಮೇಲೆ ಊರಿನ ಶಾಲೆಯ ರಜಿಸ್ಟರ್, ಆಮೇಲೆ ತಾಲೂಕು ಕಚೇರಿಯ ರಿಕಾರ್ಡ್ ರೂಮು. "ನೀವು ಯಾವ್ಯಾವ ಊರಾಗ ಇದ್ರಿ?" ಎಂದು ಕೇಳಿದರು. ಯಲಬುರ್ಗಾ ಎಂದೆ. ಇರಕಲ್ಲಗಡದ ಸೊಸೈಟಿಯಲ್ಲಿ ಹನ್ನೆರಡು ವರ್ಷ ಕ್ಲರ್ಕ್ ಆಗಿದ್ದೆ ಎಂದು ಯಾಕೆ ಹೇಳಲಿಲ್ಲವೋ.

ಅಲ್ಲೇ ಒಂದು ವೈದ್ಯಕೀಯ ಪುಸ್ತಕವನ್ನೂ ತೆರೆದೆ. ಗ್ರಾಫಿನ ಗೆರೆ ಉದ್ದ ಬರುವ ಒಂದು ರೋಗ ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತದಂತೆ. ಮೇಲೆ ನೋಡಿದರೆ ಆಳು ಗಟ್ಟಿಮುಟ್ಟು. ಓಡುವಾಗ, ಬೆಚ್ಚಿಬಿದ್ದಾಗ, ಮತ್ತೆ ಇನ್ನೊಂದು ಬರೆದಿತ್ತು, ಎದೆ ಒಮ್ಮೆಲೇ ತಾಳ ತಪ್ಪುತ್ತದೆ. ಆ ಪುಟವನ್ನು ಎರಡು ಸಲ ಓದಿದೆ. ಮೂರನೇ ಸಲ ಅಕ್ಷರ ಕಾಣಲಿಲ್ಲ.

ಇಲ್ಲಿಯ ರಿಕಾರ್ಡ್ ರೂಮಿಗೆ ಹೋಗುವಾಗ ರೆಹಮಾನನನ್ನು ಕರೆದುಕೊಂಡೆ. ನನ್ನ ಕಾಲೇಜು ಗೆಳೆಯ, ಉರ್ದು ಮಾಸ್ತರನಾಗಿದ್ದವನು. ನಿಜಾಮರ ಕಾಲದ ಕಡತಗಳೆಲ್ಲ ಉರ್ದುವಿನಲ್ಲಿ ಇವೆ, ಅವನಿಲ್ಲದೆ ನನಗೆ ಬರೀ ಇರುವೆ ಸಾಲು. ಕಪಾಟಿನ ಮೇಲಿನ ಗಂಟುಗಳನ್ನು ಒಂದು, ಎರಡು, ಮೂರು ಎಂದು ನಾನು ಎಣಿಸುತ್ತಿದ್ದರೆ ಅವನು ನಗುತ್ತಾ, "ಏನೋ ಅಂದ್ಯಾ, ಮಾತಿಗೊಂದು ಇಂಗ್ಲಿಷ್ ಹೊಡಿತಿ, ಎಣಸೂದು ಮಾತ್ರ ಕನ್ನಡದಾಗ ಯಾಕೋ?" ಎಂದ. ನಾನು ಮುಂದಿನ ಗಂಟಿಗೆ ಕೈ ಹಾಕಿದೆ.

ಅಜ್ಜನ ಹೆಸರು ಸಿಕ್ಕಿತು. ಫಸಲಿ ೧೩೪೮, ಅಂದರೆ ೧೯೩೮ ಎಂದು ರೆಹಮಾನನೇ ಲೆಕ್ಕ ಮಾಡಿದ. ಸಾವಿನ ಕಾರಣದ ಮುಂದೆ ಬೆರಳಿಟ್ಟು ಓದಿದ: "ಖೇತ್ ಮೇ. ಅಚಾನಕ್." ಹೊಲದಲ್ಲಿ, ಇದ್ದಕ್ಕಿದ್ದಂತೆ. "ಬಾವಿ?" ಎಂದೆ. "ಬಾವಿ ಇಲ್ಲಪಾ ಇಲ್ಲಿ" ಎಂದ. ಅಪ್ಪನದು ೧೯೬೧, ಕನ್ನಡದಲ್ಲೇ ಇದೆ. ಕಾರಣ: ತಿಳಿದಿಲ್ಲ. ಹಾವೂ ಇಲ್ಲ.

ಮನೆಗೆ ಬಂದು ಅಕ್ಕನನ್ನು ಕೇಳಿದೆ. ಅಪ್ಪ ಸತ್ತಾಗ ಅವಳಿಗೆ ಹನ್ನೊಂದು, ನನಗೆ ಆರು. "ಯಾವ ಹಾವು? ಮೈಮ್ಯಾಲ ಒಂದು ಗುರುತು ಇದ್ದಿದ್ದಿಲ್ಲ. ಎತ್ತು ಬೆದರಿ ಓಡಿತ್ತು, ಹಿಡಿಯಾಕ ಹೋಗಿ ಹಂಗ ಬಿದ್ದ. ಗಂಡಸರು ಸುಮ್ಮನ ಬಿದ್ದು ಸಾಯೋ ಮನಿಗೆ ಹೆಣ್ಣು ಯಾರು ಕೊಡ್ತಾರ? ಅದಕ್ಕ ಹಿರೇರು ಹಾವು ಅಂದ್ರು" ಎಂದಳು.

ಎರಡು ತಲೆಮಾರು, ಒಂದೇ ಸುಳ್ಳು. ನನಗೆ ಭಾಳ ಹೆದರಿಕೆ ಆಗುತ್ತಿದೆ ಶಾಂಭವಿ. ಹಾಳೆಯಲ್ಲಿ ತಿದ್ದಿಕೋ: ಹಾವು ಹೊಡೆದುಹಾಕು, ಬಾವಿ ಹೊಡೆದುಹಾಕು. ಅವಳನ್ನು ಓಡಲು ಬಿಡಬೇಡ, ನೀರಿಗಂತೂ ಬೇಡವೇ ಬೇಡ.

ಇಂತಿ,
ಅಪ್ಪ

ಗಂಗಾವತಿ
೨ ಮಾರ್ಚ್ ೨೦೨೫

ಅಪ್ಪಾ,

ನಿಮ್ಮ ಕಾಗದ ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ. ಆದರೆ ಇವರು ಒಪ್ಪುತ್ತಿಲ್ಲ. "ತೊಂಬತ್ತು ವರ್ಷದ ಹಿಂದಿನ ಮುತ್ತಜ್ಜ ಹೊಲದಾಗ ಸತ್ತರ ನನ್ನ ಮಗಳು ಈಜಬಾರದೇನು?" ಎನ್ನುತ್ತಾರೆ. ಡಾಕ್ಟರನ್ನು ಮತ್ತೆ ಕೇಳಿದೆ. ಮುತ್ತಜ್ಜಂದಿರ ಕಾಲದಲ್ಲಿ ಯಾವುದಕ್ಕೂ ಕಾರಣ ಬರೆಯುತ್ತಿರಲಿಲ್ಲ, ಅದರಿಂದ ಏನೂ ಹೇಳಲಾಗದು, ಹತ್ತಿರದ ತಲೆಮಾರಿನಲ್ಲಿ ಒಬ್ಬರಾದರೂ ಇದ್ದಾರೆಯೇ ನೋಡಿ ಎಂದರು. ಹತ್ತಿರದವರು ಎಂದರೆ ನೀವು, ನಾನು. ನಾವು ಗಟ್ಟಿಯಾಗಿದ್ದೇವೆ. ಹಾಗಾದರೆ ಹೆದರುವುದು ಯಾಕೆ?

ಒಂದು ನೆನಪಾಯಿತು. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರಲ್ಲ, ಎತ್ತಿನ ಮೇಲೆ, ಗಂಟೆ ಬಾರಿಸುತ್ತಾ? ಹೊಸ್ತಿಲ ಮುಂದೆ ಕೂತು ನಮ್ಮ ವಂಶದವರ ಹೆಸರೆಲ್ಲ ಓದುತ್ತಿದ್ದರು, ಹುಟ್ಟಿದವರನ್ನು ಪುಸ್ತಕದಲ್ಲಿ ಸೇರಿಸಿ ಜೋಳ ಒಯ್ಯುತ್ತಿದ್ದರು. ನನ್ನ ಹೆಸರನ್ನೂ ಬರೆದಿದ್ದಾರೆ ಎಂದು ನೀವೇ ತೋರಿಸಿದ್ದಿರಿ. ಅವರನ್ನು ಯಾಕೆ ಕೇಳಬಾರದು?

ಇನ್ನೂ ಒಂದು ಕೇಳುವುದಿದೆ. ಹೆಳವ ಓದಲು ಕುಳಿತ ಕೂಡಲೇ ಅವ್ವ ಒಳಗೆ ಹೋಗಿ ಬೀಸುಕಲ್ಲು ತಿರುವುತ್ತಿದ್ದಳು. ಒಂದು ಸಲ ನಾನು ಓಡಿಹೋಗಿ ನೋಡಿದೆ. ಕಲ್ಲಿನಲ್ಲಿ ಕಾಳೇ ಇರಲಿಲ್ಲ. ಬರಿ ಕಲ್ಲು ತಿರುವುತ್ತಿದ್ದಳು. ಯಾಕೆ ಅಪ್ಪಾ?

ಶಾಂಭವಿ

ಯಲಬುರ್ಗಾ
೧೯ ಮಾರ್ಚ್ ೨೦೨೫

ಶಾಂಭವಿಗೆ,

ಬೀಸುಕಲ್ಲಿನ ವಿಷಯ ನಿನಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಆಮೇಲೆ ಬರೆಯುತ್ತೇನೆ.

ಹೆಳವರನ್ನು ಹುಡುಕಿದೆ. ನಮಗೆ ಓದುತ್ತಿದ್ದ ಮುದುಕ ಸತ್ತು ಆರು ವರ್ಷ ಆಯಿತಂತೆ. ಅವನ ಮಗ ಯಂಕೇಶ ಕುಷ್ಟಗಿಯಲ್ಲಿ ಸಿಕ್ಕ. ಎತ್ತು ಇಲ್ಲ, ಮೋಟಾರ್ ಸೈಕಲ್ಲು. ಆದರೆ ಗಂಟೆ ಅದೇ, ಹ್ಯಾಂಡಲ್ಲಿಗೆ ಕಟ್ಟಿದ್ದಾನೆ. ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಕೂತೆವು. "ತಮ್ಮಾ, ನಮ್ಮ ಮನೆತನದ ಪುಟ ಒಂದು ಝೆರಾಕ್ಸ್ ಮಾಡಿಸಿ ಕೊಡು" ಎಂದೆ. ಅವನು ಚಹಾದ ಬಸಿ ಕೆಳಗಿಟ್ಟ.

"ಯಜಮಾನ್ರ, ನಮ್ಮ ಪುಸ್ತಕ ಚಾದಂಗಡ್ಯಾಗ ಬಿಚ್ಚೂದಲ್ಲರಿ. ಝೆರಾಕ್ಸೂ ಇಲ್ಲ. ನಿಮ್ಮ ಹೊಸ್ತಿಲ ಮುಂದ ಕುಂತು ಮೊದಲಿಂದ ಕಡೀತನಾ ಓದೂದು, ಮನಿಯವರು ಕೇಳೂದು. ನಡುವ ಒಂದು ಪುಟ ಕಿತ್ತು ಕೊಡಾಕ ಬರಾಂಗಿಲ್ಲ."

"ನಮ್ಮ ಅಪ್ಪ ಅಜ್ಜನ ಸಾವು ಹೆಂಗ ಬರದೈತಿ, ಅಷ್ಟು ಹೇಳು ಸಾಕು" ಎಂದೆ.

"ನಮ್ಮಪ್ಪ ಒಂದು ಗುರುತು ಹಾಕ್ತಿದ್ದ. ಮನಿಯವರು ಹೇಳಿದ ಕಾರಣ ಒಂದು, ಊರು ಹೇಳಿದ್ದು ಇನ್ನೊಂದು ಇದ್ರ ಹೆಸರಿನ ಬಾಜೂಕ ಚುಕ್ಕಿ. ನಿಮ್ಮ ಮನೆತನದಾಗ ಮೂರು ಚುಕ್ಕಿ ಅದಾವ."

"ಎರಡು" ಎಂದೆ.

ಅವನು ನನ್ನ ಮುಖ ನೋಡಿದ. "ಆತು ಬಿಡ್ರಿ, ಎರಡು" ಎಂದು ಚಹಾ ಕುಡಿದ. ಏಪ್ರಿಲ್ ಐದಕ್ಕೆ ಯಲಬುರ್ಗಾಕ್ಕೆ ಬರುತ್ತಾನಂತೆ. ಬರಬೇಡ ಎನ್ನಲು ಬಾಯಿ ತೆರೆದೆ, ಚಹಾದ ದುಡ್ಡು ಕೊಟ್ಟು ಎದ್ದೆ.

ನೀರು.

ಅಪ್ಪ

ಗಂಗಾವತಿ
೩೧ ಮಾರ್ಚ್ ೨೦೨೫

ಅಪ್ಪಾ,

ನಿನ್ನೆ ಯುಗಾದಿ. ಬೇವು ಬೆಲ್ಲ ಕಲೆಸುವಾಗಲೂ ನಿಮ್ಮ ಕಾಗದದ ಆ ಕೊನೆಯ ಒಂದೇ ಮಾತು ತಲೆಯಲ್ಲಿ ಇತ್ತು.

ಅಮೃತಾ ಬೇಸಿಗೆಯ ಈಜು ಶಿಬಿರಕ್ಕೆ ಹೆಸರು ಕೊಟ್ಟಿದ್ದಾಳೆ. ಏಪ್ರಿಲ್ ೭, ಸೋಮವಾರ ಶುರು. ರಕ್ತ ಕಡಿಮೆ ಎಂದ ಈ ಊರಿನ ಡಾಕ್ಟರು ಹೋಗಲಿ ಎಂದಿದ್ದಾರೆ. ಹುಬ್ಬಳ್ಳಿಯ ತಾರೀಖಿಗೆ ಇನ್ನೂ ಮೂರು ವಾರ ಇದೆ. ಇವರೂ ಅವಳೂ ಒಂದೇ ಹಟ. ನಾನು ಏನೆಂದು ತಡೆಯಲಿ? ನಿಮ್ಮಲ್ಲಿ ಕಾರಣ ಇದ್ದರೆ ಬರೆಯಿರಿ. ಇಲ್ಲದಿದ್ದರೆ ನೀರು ನೀರು ಎಂದು ನಮ್ಮನ್ನು ಹೆದರಿಸುವುದು ನಿಲ್ಲಿಸಿ. ನೀವು ಏನೋ ಮುಚ್ಚಿಡುತ್ತಿದ್ದೀರಿ. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಏನೋ ಒಂದು ಮುಚ್ಚಿಟ್ಟೇ ಇತ್ತು.

ಶಾಂಭವಿ

ಯಲಬುರ್ಗಾ
೫ ಏಪ್ರಿಲ್ ೨೦೨೫

ನನ್ನ ಮಗಳೇ,

ಈ ಕಾಗದ ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ರೆಹಮಾನ ಕೈಯಲ್ಲೇ ತರುತ್ತಾನೆ. ಮಧ್ಯಾಹ್ನ ಫೋನಿನಲ್ಲಿ "ಸೋಮವಾರ ಬಿಡಬೇಡ, ಕಾರಣ ಬರುತ್ತದೆ" ಎಂದಷ್ಟೇ ಹೇಳಿ ಇಟ್ಟೆ. ಹೌದು, ಕೆಂಪು ಗುಂಡಿ ನಾನೇ ಒತ್ತಿದೆ. ಆವತ್ತೂ ನಾನೇ ಒತ್ತಿದ್ದು.

ಯಂಕೇಶ ಬೆಳಿಗ್ಗೆ ಬಂದ. ಹೊಸ್ತಿಲ ಮುಂದೆ ಕಂಬಳಿ ಹಾಸಿದೆವು. ಅಕ್ಕ ಮೊರದಲ್ಲಿ ಜೋಳ ತಂದಿಟ್ಟು ಕಂಬಕ್ಕೆ ಒರಗಿ ಕೂತಳು. ಅವನು ಗಂಟೆ ಬಾರಿಸಿ ಮೂಲಪುರುಷನಿಂದ ಶುರು ಮಾಡಿದ. ಅಜ್ಜ ಬಂದ, ಅಪ್ಪ ಬಂದ. ನನ್ನ ಹೆಸರು, ನಿನ್ನ ಅವ್ವ ವಿರೂಪಾಕ್ಷಮ್ಮನ ಹೆಸರು. ಆಮೇಲೆ ಅವನು ಉಸಿರು ತೆಗೆದುಕೊಂಡು ನಿಂತ. ಅವನ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ, ಅಷ್ಟೇ ಹೊತ್ತು. ಅಲ್ಲಿ ಹೆಸರು ಬಿಟ್ಟು ಮುಂದೆ "ಶಾಂಭವಿ" ಎಂದು ಓದಬೇಕೆಂದು ಅಪ್ಪನಿಂದ ಮಗನಿಗೆ ಹೇಳಿಕೆ ಆಗಿತ್ತು. ಹಾಗೆ ಬಿಡಲು ಕೇಳಿಕೊಂಡವನು ನಾನು.

"ಓದು" ಎಂದೆ.

"ಯಜಮಾನ್ರ?"

"ಓದೋ ತಮ್ಮಾ. ಬಿಡಬ್ಯಾಡ."

ಅವನು ಓದಿದ. "ಬಸವಕುಮಾರ, ಅಂದಪ್ಪನ ಚೊಚ್ಚಲ ಮಗ, ಒಂಬತ್ತು ವರ್ಷ, ಇರಕಲ್ಲಗಡದ ಬಾವಿಯಲ್ಲಿ. ಈಜು ಬಲ್ಲವನು."

ಹೆಸರಿನ ಪಕ್ಕದಲ್ಲಿ ಚುಕ್ಕಿ. "ನಮ್ಮಪ್ಪ ಓದೂದು ಬಿಟ್ಟಾನ್ರಿ, ಬರಿಯೂದು ಬಿಟ್ಟಿಲ್ಲ" ಎಂದ ಯಂಕೇಶ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಮೂವತ್ತೇಳು ವರ್ಷದ ಮೇಲೆ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ.

ನಿನಗೊಬ್ಬ ಅಣ್ಣ ಇದ್ದ, ಶಾಂಭವಿ. ನೀನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಹೋದ. ೧೯೮೮ರ ಮೇ ತಿಂಗಳು. ಈಜು ನಾನೇ ಕಲಿಸಿದ್ದೆ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ. ಒಂದೇ ಬೇಸಿಗೆಯಲ್ಲಿ ಬುರುಡೆ ಬಿಚ್ಚಿ ಮೀನಾದ. ಅವನಿಗೆ ಒಂದು ಆಟ ಇತ್ತು. ಮುಳುಗಿ ಉಸಿರು ಹಿಡಿಯುವುದು, ನಾನು ಮೆಟ್ಟಿಲ ಮೇಲೆ ಕೂತು ಎಣಿಸುವುದು. "ಇಂಗ್ಲಿಷ್‌ನಾಗ ಎಣಸಪ್ಪಾ, ದೊಡ್ಡ ದನಿಲೆ, ನೀರಾಗ ಕೇಳಸ್ತೈತಿ" ಅನ್ನುತ್ತಿದ್ದ. ವನ್, ಟೂ, ಥ್ರೀ. ಅವನ ರೆಕಾರ್ಡು ಫಾರ್ಟಿ ಫೈವ್. ಆವತ್ತು ಐವತ್ತು ದಾಟಿತು. ಸಿಕ್ಸ್ಟಿ ಅನ್ನುವಾಗ ನನಗೆ ಹೆಮ್ಮೆ. ಸೆವೆಂಟಿಗೆ ನಕ್ಕೆ. ನೈಂಟಿ ಅನ್ನುವ ಹೊತ್ತಿಗೆ ಬಾಯಿ ಒಣಗಿತ್ತು, ಆದರೂ ಇನ್ನೂ ನಾಲ್ಕು ಎಣಿಸಿದೆ. ಆಮೇಲೆ ಹಾರಿದೆ. ಅವನು ಕೆಳಗೆ ಸುಮ್ಮನೆ ಮಲಗಿದ್ದ. ಒದ್ದಾಡಿದ ಗುರುತಿಲ್ಲ. ಹೊಟ್ಟೆ ಒತ್ತಿದರೆ ನೀರೂ ಹೆಚ್ಚು ಬರಲಿಲ್ಲ. ಕಾಲು ಜಾರಿ ಬಿದ್ದ ಎಂದು ಊರಿಗೆ ಹೇಳಿದೆ. ನಾನು ಎಣಿಸುತ್ತಿದ್ದೆ ಎಂದು ನಿನ್ನ ಅವ್ವನಿಗೆ ಮಾತ್ರ ಗೊತ್ತಿತ್ತು, ಹೋಗುವಾಗ ಅದನ್ನು ಜೊತೆಗೇ ಒಯ್ದಳು.

ಅವಳು ನನ್ನನ್ನು ಒಂದು ಮಾತು ಬೈಯಲಿಲ್ಲ. "ಆ ಹೆಸರು ಇನ್ನ ಈ ಮನ್ಯಾಗ ಬ್ಯಾಡ" ಎಂದಳು, ಅಷ್ಟೇ. ಊರು ಬಿಟ್ಟೆವು. ಹೆಳವನಿಗೂ ಹೇಳಿದೆ. ಅವನು ಹೆಸರು ಬಿಟ್ಟ, ಆದರೆ ಅಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದ. ಅವಳಿಗೆ ಆ ಉಸಿರು ಕೇಳಲಾಗುತ್ತಿರಲಿಲ್ಲ. ಬರಿ ಕಲ್ಲು ತಿರುವುತ್ತಿದ್ದದ್ದು ಅದಕ್ಕೆ.

ಈಗ ನನ್ನ ಹೆದರಿಕೆಯನ್ನು ಬರೆಯುತ್ತೇನೆ, ಓದಿ ನನ್ನನ್ನು ಬೇಕಾದರೆ ಬೈ. ಗ್ರಂಥಾಲಯದ ಪುಸ್ತಕದಲ್ಲಿ ಓಡುವಾಗ, ಬೆಚ್ಚಿಬಿದ್ದಾಗ ಎಂಬುದರ ಮುಂದೆ ಇದ್ದದ್ದು "ಈಜುವಾಗ". ಅದನ್ನು ಓದಿದಾಗ ನನ್ನ ಎದೆ ಒಂದು ಕ್ಷಣ ಹಗುರಾಯಿತು. ಹಾಗಾದರೆ ನಾನು ಕೊಂದಿಲ್ಲ, ರೋಗ ಕೊಂದಿತು ಎಂದು. ಮರುಕ್ಷಣ ನೆನಪಾಯಿತು: ಅದು ರೋಗವಾದರೆ ಅಮೃತಾಳ ಮೈಯಲ್ಲೂ ಇರಬೇಕು. ಅವಳಿಗೆ ಇಲ್ಲದಿದ್ದರೆ ಕೊಂದವನು ನಾನೇ. ಎರಡು ತಿಂಗಳಿಂದ ದೇವರ ಮುಂದೆ ನಿಂತರೆ ಏನು ಬೇಡಿಕೊಳ್ಳಬೇಕೋ ತಿಳಿಯದೆ ಸುಮ್ಮನೆ ಬರುತ್ತಿದ್ದೆ. ಇವತ್ತು ಯಂಕೇಶ ಹೋದ ಮೇಲೆ ಬೇಡಿಕೊಂಡೆ. ಕೊಂದವನು ನಾನೇ ಆಗಿರಲಿ ಎಂದು.

ಆದರೆ ನನ್ನ ಬೇಡಿಕೆ ನಂಬಿ ಕೂರಬೇಡ. ಈ ಕಾಗದವನ್ನು ಅಳಿಯಂದಿರಿಗೆ ಓದಿಸು, ಹುಬ್ಬಳ್ಳಿಗೆ ಒಯ್ಯಿ. ೨೧ರ ತನಕ ಕಾಯಬೇಡ, ಫೋನು ಮಾಡಿ ಮೊದಲೇ ಸಮಯ ಕೇಳು. ಹರೆಯದಲ್ಲಿ ನಾನೂ ಎರಡು ಸಲ ಓಡುವಾಗ ಎಚ್ಚರ ತಪ್ಪಿ ಬಿದ್ದಿದ್ದೇನೆ, ಅದನ್ನೂ ಹೇಳು. ನಿನ್ನ ಎದೆಯ ಗ್ರಾಫನ್ನೂ ತೆಗೆಸು, ನಾನೂ ಬಂದು ತೆಗೆಸುತ್ತೇನೆ. ಇದೆ ಎಂದು ಗೊತ್ತಾದರೆ ಔಷಧ ಇದೆ ಎಂದು ಆ ಪುಸ್ತಕದಲ್ಲೇ ಬರೆದಿತ್ತು. ನಮ್ಮವರಿಗೆ ಗೊತ್ತಾಗಲಿಲ್ಲ, ಗೊತ್ತಾಗದ ಹಾಗೆ ನಾವೇ ಹಾವು ಬಾವಿ ಎಂದು ಹೇಳುತ್ತಾ ಬಂದೆವು.

ಇರಕಲ್ಲಗಡದ ಶಾಲೆಯಲ್ಲಿ ಅವನ ಹೆಸರು ಇರುತ್ತದೆ. ನಾಲ್ಕನೇ ಇಯತ್ತೆ. ಶಾಲೆ ಬಿಟ್ಟ ಕಾರಣ ಎಂಬಲ್ಲಿ ಏನು ಬರೆದಿದ್ದಾರೋ ನಾನು ನೋಡಿಲ್ಲ. ನೀನು ರಜಿಸ್ಟರ್ ಓದುವವಳು. ಒಂದು ದಿನ ಇಬ್ಬರೂ ಹೋಗೋಣ. ಅವನ ಅಕ್ಷರ ದುಂಡಗಿತ್ತು. ನಿನ್ನದು ಅವನ ಹಾಗೇ ಇದೆ, ನೀನು ಮೊದಲ ಸಲ ಸ್ಲೇಟು ತಂದು ತೋರಿಸಿದಾಗ ನಾನು ಹಿತ್ತಲಿಗೆ ಹೋಗಿದ್ದು ಅದಕ್ಕೇ. ಏನೇನೋ ಬರೆಯುತ್ತಿದ್ದೇನೆ. ಅಕ್ಕ ಎರಡು ಸಲ ಚಹಾ ಇಟ್ಟು ಹೋದಳು, ಎರಡೂ ಆರಿವೆ.

ಡಾಕ್ಟರ ಹಾಳೆಯ ಇನ್ನೊಂದು ಪ್ರತಿ ನನ್ನ ಹತ್ತಿರವೇ ಇತ್ತು, ಇದರ ಜೊತೆ ಇಟ್ಟಿದ್ದೇನೆ. ಅದರಲ್ಲೂ ಸೋದರಮಾವಂದಿರು ಎಂಬ ಸಾಲಿನಲ್ಲಿ ಗೀಟು ಎಳೆದಿದ್ದೆನಲ್ಲ. ಅಳಿಸಲು ಹೋದರೆ ಕಾಗದ ಹರಿಯಿತು. ಅದಕ್ಕೆ ಗೀಟಿನ ಮೇಲೆಯೇ ಬರೆದಿದ್ದೇನೆ, ಬಸವಕುಮಾರ ಎಂದು, ವಯಸ್ಸು ಒಂಬತ್ತು ಎಂದು. ಗೀಟು ಅಡ್ಡ ಬಂದು ಅಕ್ಷರ ಸರಿಯಾಗಿ ತಿಳಿಯುತ್ತದೋ ಇಲ್ಲವೋ ನೋಡು, ನನಗೆ ಇಲ್ಲಿ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.

ನಿಮ್ಮಿಬ್ಬರ ಅಪ್ಪ,
ಅಂದಪ್ಪ